ಪಾಸ್‌ವರ್ಡ್: ಎಂಟು ಅಕ್ಷರದ ಗೋಜಲೋ, ಐದು ಪದಗಳ ಸಾಲೋ?

Bengaluru@123 ಅನ್ನೋ ಪಾಸ್‌ವರ್ಡ್ ಈ ಸ್ಪರ್ಧೆಯಲ್ಲೇ ಇಲ್ಲ. ದೊಡ್ಡಕ್ಷರ, ಚಿಹ್ನೆ, ಅಂಕಿ ಎಲ್ಲ ಇದ್ದರೂ ಕಳ್ಳರ ತಂತ್ರಾಂಶ ಮೊದಲು ಊಹಿಸಿ ನೋಡುವುದೇ ಇಂಥವನ್ನು.

ಇಂಗ್ಲಿಷ್ ಕೀಬೋರ್ಡಿನ ಅಕ್ಷರ, ಅಂಕಿ, ಚಿಹ್ನೆ ಸೇರಿ ಒಟ್ಟು 94ರಿಂದ ಎಂಟನ್ನು ಕಣ್ಣುಮುಚ್ಚಿ ಆರಿಸಿದರೆ ಸುಮಾರು 61 ಕೋಟಿ ಕೋಟಿ ಸಾಧ್ಯತೆಗಳು. ಒಳ್ಳೆಯದೇ, ಆದರೆ ನೆನಪಿನಲ್ಲಿ ಉಳಿಯಲ್ಲ. ಕೊನೆಗೆ ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸ್ತೀವಿ.

ಇನ್ನೊಂದು ದಾರಿ ಪದಗಳದ್ದು. 7,776 ಪದಗಳ ಪಟ್ಟಿ ಇಟ್ಟುಕೊಂಡು, ಒಂದೊಂದು ಪದಕ್ಕೂ ದಾಳ ಐದು ಸಲ ಹಾಕಿ, ಬಂದ ಐದು ಅಂಕಿಗಳಿಗೆ ಪಟ್ಟಿಯಲ್ಲಿರುವ ಪದವನ್ನು ಆರಿಸುವುದು. ಮಜ್ಜಿಗೆ, ಏಣಿ, ಗುಬ್ಬಚ್ಚಿ, ತೊಟ್ಟಿಲು, ಸೀಮೆಸುಣ್ಣ ಅಂತ ಏನೋ ಬರುತ್ತೆ. ಐದು ಪದ ಅಂದರೆ ಮೇಲಿನದಕ್ಕಿಂತ 4,600ಕ್ಕೂ ಹೆಚ್ಚು ಪಟ್ಟು ಸಾಧ್ಯತೆ. ನಾಲ್ಕಕ್ಕೇ ನಿಲ್ಲಿಸಿದರೆ ಎಂಟು ಅಕ್ಷರಕ್ಕಿಂತ ಸ್ವಲ್ಪ ಕೆಳಗೆ, ಹಾಗಾಗಿ ಸೋಮಾರಿತನ ಬೇಡ. ಪದಗಳನ್ನು ನೀವೇ ಯೋಚಿಸಿ ಆರಿಸಿದರೆ ಈ ಲೆಕ್ಕ ನಿಲ್ಲಲ್ಲ. ಹಾಡಿನ ಸಾಲು, ಗಾದೆ ಇವೂ ಬೇಡ.

ಎಟಿಎಂ ಪಿನ್‌ಗೆ ಬರೀ 10,000 ಸಾಧ್ಯತೆ ಸಾಕಾಗುತ್ತೆ, ಅಲ್ವಾ? ಅಲ್ಲಿ ಕಾರ್ಡು ಕೈಯಲ್ಲಿರಬೇಕು, ಕೆಲವೇ ತಪ್ಪಿಗೆ ಬ್ಲಾಕ್ ಆಗುತ್ತೆ. ಜಾಲತಾಣದಿಂದ ಕದ್ದ ಪಾಸ್‌ವರ್ಡ್ ಡೇಟಾ ಮುಂದಿಟ್ಟುಕೊಂಡು ಊಹಿಸುವವರಿಗೆ ಆ ತಡೆ ಇಲ್ಲ.

ನನ್ನ ಆಯ್ಕೆ: ಇಮೇಲ್‌ಗೆ ಮತ್ತು ಪಾಸ್‌ವರ್ಡ್ ಮ್ಯಾನೇಜರ್‌ಗೆ (ಎಲ್ಲ ಪಾಸ್‌ವರ್ಡ್‌ಗಳನ್ನು ಕಾಪಾಡಿ ಇಡುವ ತಂತ್ರಾಂಶ) ಬೇರೆ ಬೇರೆ ಐದು ಪದ. ಉಳಿದದ್ದಕ್ಕೆಲ್ಲ ಮ್ಯಾನೇಜರ್ ತಾನೇ ಹುಟ್ಟಿಸುವ ಗೋಜಲು. ಇಮೇಲ್‌ಗೆ ಯಾಕೆ ಅಂದರೆ, ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಮೂರು ತಿಂಗಳಿಗೊಮ್ಮೆ ಸುಮ್ನೆ ಬದಲಿಸುವುದನ್ನು ಬಿಡಿ. ಸೋರಿಕೆಯ ಸುದ್ದಿ ಬಂದರೆ ಮಾತ್ರ ಅವತ್ತೇ ಬದಲಿಸಿ.