ಗಾರ್ಡೇನಿಯಾ ಎಣ್ಣೆ: ಮೂರು ವರ್ಷ ಬಳಸಿದ ಮೇಲೆ ನನ್ನ ಲೆಕ್ಕ

ಬಾಟಲಿಗೆ ಐದರಲ್ಲಿ ಒಂದೂವರೆ ಸ್ಟಾರ್. ಬಾಲ್ಕನಿಯ ಕುಂಡಕ್ಕೆ ಐದಕ್ಕೆ ಐದು. ಅವಸರದಲ್ಲಿ ಇರುವವರು ಇಷ್ಟು ಓದಿ ಹೋಗಬಹುದು. ಪುರುಸೊತ್ತು ಇದ್ದವರಿಗೆ ಪೂರ್ತಿ ಕತೆ ಹೇಳುತ್ತೇನೆ.

ನಾನು ಕುಮಟಾದವಳು. ಇಪ್ಪತ್ತೆರಡು ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ಬೆಳಿಗ್ಗೆ ಲೋಕಲ್ ಹಿಡಿದು ಫೋರ್ಟ್‌ಗೆ ಆಫೀಸು, ರಾತ್ರಿ ಎಂಟಕ್ಕೆ ಮನೆ. ನಲವತ್ತೇಳಕ್ಕೆ ಮುಟ್ಟು ಏರುಪೇರಾಯಿತು, ಅದರ ಹಿಂದೆಯೇ ನಿದ್ದೆಯೂ ಕೆಟ್ಟಿತು. ರಾತ್ರಿ ಮೂರಕ್ಕೆ ಅಲಾರಾಂ ಇಟ್ಟ ಹಾಗೆ ಎಚ್ಚರ. ಲೇಡೀಸ್ ಡಬ್ಬದಲ್ಲಿ ದಿನಾ ಜೊತೆಗೆ ಬರುವ ಗೆಳತಿಯೊಬ್ಬಳು ಗಾರ್ಡೇನಿಯಾ ಎಣ್ಣೆ ಮೂಸಿ ಮಲಗು ಅಂದಳು. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ನಿದ್ದೆಗೆ ಒಳ್ಳೆಯದು, ಆತಂಕಕ್ಕೆ ಒಳ್ಳೆಯದು, ಜ್ವರಕ್ಕೆ, ಪಿತ್ತಕೋಶಕ್ಕೆ, ತೂಕ ಇಳಿಸೋಕೆ ಕೂಡ! ಪಾಪ, ಒಂದು ಹೂವಿನ ತಲೆ ಮೇಲೆ ಎಷ್ಟು ಹೊರೆ.

15 ಎಂಎಲ್ ಬಾಟಲಿ, 349 ರೂಪಾಯಿ. ಮೇಲೆ ‘ನೂರಕ್ಕೆ ನೂರು ಶುದ್ಧ ಎಸೆನ್ಷಿಯಲ್ ಆಯಿಲ್’ ಎಂದು ಅಚ್ಚಾಗಿತ್ತು. ಪರಿಮಳ ಹರಡುವ ಡಿಫ್ಯೂಸರ್‌ಗೆ ನಾಲ್ಕು ಹನಿ ಹಾಕಿದೆ. ಹತ್ತು ನಿಮಿಷಕ್ಕೆ ಮನೆಯೆಲ್ಲ ಹೊಸ ಟ್ಯಾಕ್ಸಿಯ ಹಾಗೆ ಘಮಘಮ. ಇಪ್ಪತ್ತು ನಿಮಿಷಕ್ಕೆ ಹಣೆ ಹಿಡಿಯಿತು. ಅತ್ತೆ ಬಾಗಿಲಲ್ಲಿ ನಿಂತು, "ಅಯ್ಯೋ ಮಾರಾಯ್ತಿ, ಯಾರೋ ಬಚ್ಚಲಿಗೆ ಹೊಡೆಯೋದನ್ನ ರೂಮಿಗೆ ಹೊಡೆದ ಹಾಗಿದೆ" ಅಂದರು. ನಾನು ಒಪ್ಪಲಿಲ್ಲ. ದುಡ್ಡು ಕೊಟ್ಟಿದ್ದೆನಲ್ಲ. ತೆಂಗಿನೆಣ್ಣೆಗೆ ಎರಡು ಹನಿ ಬೆರೆಸಿ ಕುತ್ತಿಗೆಗೆ ಹಚ್ಚಿಕೊಂಡು ಮಲಗಿದೆ. ಎರಡನೇ ದಿನ ಕುತ್ತಿಗೆ ಸುತ್ತ ಕೆಂಪು ದಡಿಕೆ. ಚರ್ಮದ ಡಾಕ್ಟರ್ ನೋಡಿ, ಸುಗಂಧದ ಕೆಮಿಕಲ್ಲಿಗೆ ಅಲರ್ಜಿ, ಹಚ್ಚುವುದು ನಿಲ್ಲಿಸಿ ಅಂದರು. ಮಾರಿದವರಿಗೆ ಫೋನ್ ಮಾಡಿದರೆ ಒಂದೇ ಮಾತು: "ನ್ಯಾಚುರಲ್ ಇದೆ ಮ್ಯಾಡಂ."

ಅಲ್ಲಿಂದ ಓದುವ ಹುಚ್ಚು ಹಿಡಿಯಿತು. ಕೊಳ್ಳುವ ಮೊದಲು ನನಗೆ ಯಾರಾದರೂ ಹೇಳಬೇಕಿದ್ದ ವಿಷಯ ಇದು. ಲ್ಯಾವೆಂಡರ್, ನೀಲಗಿರಿಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಾರೆ. ಗಾರ್ಡೇನಿಯಾ ಹಾಗೆ ಬಗ್ಗುವ ಹೂವಲ್ಲ. ಹಬೆಯ ಬಿಸಿಗೆ ಅದರ ಪರಿಮಳ ಕೆಡುತ್ತದೆ, ಸಿಗುವ ಎಣ್ಣೆಯೂ ಲೆಕ್ಕಕ್ಕಿಲ್ಲದಷ್ಟು ಕಮ್ಮಿ. ದ್ರಾವಕದಲ್ಲಿ ನೆನೆಸಿ ಸಾರ ತೆಗೆಯಬಹುದು, ಅದು ಅಪರೂಪ, ಬೆಲೆಯೂ ಸಿಕ್ಕಾಪಟ್ಟೆ. ಹಾಗಾಗಿ ಪೇಟೆಯಲ್ಲಿ ಗಾರ್ಡೇನಿಯಾ ಅಂತ ಮಾರುವುದು ಹೆಚ್ಚುಕಮ್ಮಿ ಎಲ್ಲವೂ ಲ್ಯಾಬಿನಲ್ಲಿ ಕೂಡಿಸಿದ ವಾಸನೆ. ಸ್ಟೈರಾಲಿಲ್ ಅಸಿಟೇಟ್ ಎಂಬುದೊಂದು ರಾಸಾಯನಿಕವಿದೆ. ಅತ್ತರಿನವರು ಗಾರ್ಡೇನಿಯಾದ ಹಸಿರು ಹಸಿರು ವಾಸನೆ ತರಿಸುವುದು ಬಹುಪಾಲು ಅದರಿಂದಲೇ. ಅದರಲ್ಲಿ ತಪ್ಪೇನಿಲ್ಲ, ಅತ್ತರು ಅಂದರೆ ಹಾಗೇ ಅಲ್ವಾ? ಆದರೆ ಅದಕ್ಕೆ ‘ಶುದ್ಧ’ ಅಂತ ಚೀಟಿ ಅಂಟಿಸಿ, ಆರೋಗ್ಯದ ಮಾತಾಡಿ ಮಾರುವುದು ಮೋಸ.

ಇನ್ನು ಆ ಆರೋಗ್ಯದ ಪಟ್ಟಿ. ಅದು ಹೂವಿನದೇ ಅಲ್ಲ, ಕಾಯಿಯದು! ಚೀನಾದವರು ಗಾರ್ಡೇನಿಯಾದ ಒಣ ಕಾಯಿಯನ್ನು ‘ಝಿ ಝಿ’ ಎಂದು ಔಷಧಿಗೆ ಬಳಸುತ್ತಾರೆ. ಜಪಾನಿನವರು ಅದೇ ಕಾಯಿಯಿಂದ ಮೂಲಂಗಿ ಉಪ್ಪಿನಕಾಯಿಗೆ ಹಳದಿ ಬಣ್ಣ ಕಟ್ಟುತ್ತಾರೆ. ಆ ಬಣ್ಣ ಕ್ರೋಸಿನ್‌ನದು, ಕೇಸರಿಯಲ್ಲಿ ಇರುವುದೂ ಅದೇ. ಪಿತ್ತಕೋಶ, ಜ್ವರ ಎಂಬ ಮಾತೆಲ್ಲ ಈ ಕಾಯಿಯ ಸಾರದ್ದು. ಅದನ್ನು ಎತ್ತಿ ಹೂವಿನ ವಾಸನೆಯ ಬಾಟಲಿಗೆ ಅಂಟಿಸಿದ್ದಾರೆ. ಮಾವಿನ ಗೊರಟೆಯ ಗುಣವನ್ನು ಮಾವಿನ ಎಲೆಯ ತೋರಣಕ್ಕೆ ಹೇಳಿದ ಹಾಗಾಯಿತು. ಆ ಕಾಯಿಯೂ ಸುಮ್ನೆ ನುಂಗುವಂಥದ್ದಲ್ಲ. ಅದಿರುವ ಔಷಧಿಯನ್ನು ವರ್ಷಗಟ್ಟಲೆ ತಿಂದವರಿಗೆ ಕರುಳಿನ ರಕ್ತನಾಳ ಗಟ್ಟಿಯಾದದ್ದನ್ನು ಜಪಾನಿನ ಡಾಕ್ಟರುಗಳು ಕಂಡಿದ್ದಾರೆ.

ನಿದ್ದೆಯ ಮಾತಿಗೆ ಮಾತ್ರ ಒಂದು ಎಳೆ ಇದೆ. 2010ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು ಗಾರ್ಡೇನಿಯಾವನ್ನು ಹೋಲುವ ಒಂದು ಸುಗಂಧ ರಾಸಾಯನಿಕವನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಮೆದುಳನ್ನು ಶಾಂತ ಮಾಡುವ ಗಾಬಾ ವ್ಯವಸ್ಥೆಯ ಮೇಲೆ ಅದು ಕೆಲಸ ಮಾಡುತ್ತದೆ, ಪಂಜರದ ಗಾಳಿಯಲ್ಲಿ ಗಾಢವಾಗಿ ತುಂಬಿದರೆ ಇಲಿ ಮೂಲೆ ಹಿಡಿದು ಕೂರುತ್ತದೆ ಎಂದು ಕಂಡರು. ಅದು ಇಲಿ, ಅದು ಪಂಜರ, ಅದು ಲ್ಯಾಬಿನ ವಾಸನೆ. ನಾನು ಡೊಂಬಿವಲಿಯ ಹತ್ತು ಬೈ ಹತ್ತರ ರೂಮಿನಲ್ಲಿ ಕಿಟಕಿ ತೆರೆದು ಮಲಗುವವಳು.

ನನ್ನದೇ ಒಂದು ಪರೀಕ್ಷೆ ಮಾಡಿದೆ. ಎರಡನೆಯದಾಗಿ ಒಂದು ಬಾಟಲಿ ತಂದಿದ್ದೆ. ಅದರ ಮೇಲೆ ‘ಪರ್ಫ್ಯೂಮ್ ಆಯಿಲ್’ ಅಂತಲೇ ಬರೆದಿತ್ತು, ಅಷ್ಟಾದರೂ ಪ್ರಾಮಾಣಿಕ. ಒಂದು ತಿಂಗಳು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಡಿಫ್ಯೂಸರ್‌ಗೆ ಒಂದೇ ಹನಿ ಹಾಕಿ, ಎಚ್ಚರವಾದ ಹೊತ್ತನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆದೆ. ಹಾಲಿನ ಲೆಕ್ಕದ ಪಕ್ಕದಲ್ಲಿ 3, 3.10, 2.50, 3. ಎಣ್ಣೆ ಇದ್ದ ದಿನಕ್ಕೂ ಇಲ್ಲದ ದಿನಕ್ಕೂ ಏನೂ ವ್ಯತ್ಯಾಸವಿಲ್ಲ. ಕೊನೆಗೆ ಸ್ವಲ್ಪ ಸುಧಾರಿಸಿದ್ದು ಸ್ತ್ರೀರೋಗದ ಡಾಕ್ಟರ ಹತ್ತಿರ ಹೋದ ಮೇಲೆ. ಅದು ಬೇರೆ ಕತೆ.

ಕುಂಡದ ಯೋಚನೆ ಬಂದದ್ದು ಎದುರು ಮನೆಯ ಮರಾಠಿ ಮಾವಶಿಯಿಂದ. ನನ್ನ ಬಾಟಲಿ ಕತೆ ಕೇಳಿ ಅವರು ಬಿದ್ದು ಬಿದ್ದು ನಕ್ಕರು. "ಅಗಂ, ಇದು ನಮ್ಮ ಅನಂತ ಅಲ್ವಾ!" ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ. ಇಂಗ್ಲಿಷ್ ಹೆಸರು ಕೇಳಿ ಯಾವುದೋ ವಿದೇಶದ ಹೂ ಅಂದುಕೊಂಡಿದ್ದೆ. ಮೂಲ ಚೀನಾದ ಕಡೆಯದೇ, ನಿಜ. ಗಾರ್ಡೇನಿಯಾ ಎಂಬ ಹೆಸರು ಅಲೆಕ್ಸಾಂಡರ್ ಗಾರ್ಡನ್ ಎಂಬ ಡಾಕ್ಟರನಿಂದ ಬಂತಂತೆ, ಗಾರ್ಡನ್ ಅಂದರೆ ತೋಟ ಅಲ್ಲ. ಆದರೆ ಮರಾಠಿಗರ ಮನೆಯಂಗಳದಲ್ಲಿ ಅದು ಅನಂತ, ದೇವರ ತಲೆಗೂ ಹೆಂಗಸರ ಜಡೆಗೂ ಏರುವ ಹೂವು. ನಮ್ಮ ಕಾಡಿನ ಬಿಕ್ಕೆ ಗಿಡವೂ ಇದೇ ಜಾತಿಯದು. ಅದರ ಅಂಟನ್ನೇ ಇಲ್ಲಿ ಡಿಕೇಮಾಲಿ ಅಂತ ಮಾರುತ್ತಾರೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಒಂದೇ ಮನೆತನದಲ್ಲಿ ಎಂತೆಂಥವರು ಇರುತ್ತಾರೆ ನೋಡಿ.

ನರ್ಸರಿಯಲ್ಲಿ 150 ರೂಪಾಯಿ. ಮೊದಲ ಸಲ ನನಗೆ ನಂದಿಬಟ್ಟಲು ಕೊಟ್ಟು ಕಳಿಸಿದ್ದರು. ಎಲೆ ಮುರಿದಾಗ ಹಾಲು ಬಂತು, ವಾಪಸ್ ಒಯ್ದು ಕೊಟ್ಟೆ. ಅನಂತದ ಎಲೆಯಲ್ಲಿ ಹಾಲು ಇರುವುದಿಲ್ಲ, ನೆನಪಿಡಿ. ಮೊದಲ ವರ್ಷ ಎಲೆ ಹಳದಿಯಾಗಿ ಮೊಗ್ಗೆಲ್ಲ ಉದುರಿತು. ಇದಕ್ಕೆ ಹುಳಿ ಮಣ್ಣು ಬೇಕು. ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ಕುಂಡ ಬದಲಿಸಿದೆ, ಬೆಳಗಿನ ಬಿಸಿಲಿಗೆ ಇಟ್ಟೆ. ಆಮೇಲೆ ಜಾಗ ಕದಲಿಸಲೇ ಇಲ್ಲ.

ಎರಡನೇ ವರ್ಷ ಜೂನಿನ ಮೊದಲ ಮಳೆಗೆ ಒಂದು ಮೊಗ್ಗು ಸುರುಳಿ ಬಿಚ್ಚಿತು. ಸಂಜೆ ಬಿಳಿ, ಬೆಣ್ಣೆಯಿಂದ ಮಾಡಿದ ಹಾಗೆ ದಪ್ಪ ಎಸಳು. ಮರುದಿನ ಕೆನೆಬಣ್ಣ. ಮೂರನೇ ದಿನ ಹಳೆಯ ಕಾಗದದ ಬಣ್ಣ, ಆದರೂ ಪರಿಮಳ ಬಿಟ್ಟಿರಲಿಲ್ಲ. ಬೆರಳು ತಾಗಿದ ಕಡೆ ಮಾತ್ರ ಕಂದು ಕಲೆ. ಒಳಗೆ ಕರಿಯ ಸಣ್ಣ ಹುಳಗಳು ಇರುತ್ತವೆ, ಮೂಸುವ ಮೊದಲು ಕೊಡವಬೇಕು. ನಾನು ಕೊಡವಿರಲಿಲ್ಲ. ಸೀನು ನಿಲ್ಲಲು ಅರ್ಧ ಗಂಟೆ ಹಿಡಿಯಿತು.

ಎಣ್ಣೆಯನ್ನೂ ಮಾಡಿದೆ, ಬಿಡಲಿಲ್ಲ. ತಾಹಿತಿ ದ್ವೀಪದವರು ತಿಯಾರೆ ಎಂಬ ತಮ್ಮ ಗಾರ್ಡೇನಿಯಾವನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಮೋನೊಯಿ ಎಂಬ ಎಣ್ಣೆ ಮಾಡುತ್ತಾರೆ. ಒಂದು ಲೀಟರಿಗೆ ಕಮ್ಮಿ ಅಂದರೂ 10 ಹೂ, 10 ದಿನ ಎಂಬ ನಿಯಮವೇ ಇದೆ. ನನ್ನ ಮೊದಲ ಸೀಸೆ ಜುಲೈನಲ್ಲಿ ಬೂಸಲು ಹಿಡಿಯಿತು, ಹೂವಿನಲ್ಲಿ ಮಳೆನೀರು ಇತ್ತು. ಮರುವರ್ಷ ಹೂವನ್ನು ಒಂದು ರಾತ್ರಿ ಸ್ಟೀಲ್ ತಟ್ಟೆಯಲ್ಲಿ ಫ್ಯಾನಿನ ಕೆಳಗೆ ಬಾಡಿಸಿ ಹಾಕಿದೆ. ಎರಡು ದಿನಕ್ಕೊಮ್ಮೆ ಸೋಸಿ, ಹೊಸ ಹೂ ಹಾಕಿ, ಐದು ಸಲ. ಪರಿಮಳ ತೆಳು, ಹತ್ತಿರ ಬಂದವರಿಗಷ್ಟೇ ಗೊತ್ತಾಗುವಷ್ಟು. ಮೊಣಕೈ ಒಳಗೆ ಒಂದು ದಿನ ಹಚ್ಚಿ ನೋಡಿ ಆಮೇಲೆ ತಲೆಗೆ ಹಾಕಿದೆ, ದಡಿಕೆ ಏಳಲಿಲ್ಲ. ಎರಡು ತಿಂಗಳಲ್ಲಿ ವಾಸನೆ ಹೋಗಿ ಬರೀ ತೆಂಗಿನೆಣ್ಣೆ ಉಳಿಯಿತು. ಅದರಲ್ಲೇ ಅತ್ತೆ ಕಾಲು ತಿಕ್ಕಿಕೊಂಡರು.

ಈಗ ಹೂವಿನ ದಿನಗಳಲ್ಲಿ ಮೊದಲನೆಯದು ಅತ್ತೆಯ ದೇವರಿಗೆ, ಎರಡನೆಯದು ನೀರಿನ ಬಟ್ಟಲಿನಲ್ಲಿ ನನ್ನ ತಲೆದೆಸೆಗೆ. ಮೂರಕ್ಕೆ ಇನ್ನೂ ಎಚ್ಚರವಾಗುವುದುಂಟು. ರಾತ್ರಿ ಈ ಹೂವಿನ ಪರಿಮಳ ಜಾಸ್ತಿ. ಕತ್ತಲಲ್ಲಿ ಅದನ್ನು ಮೂಸುತ್ತ ಬಿದ್ದುಕೊಂಡಿರುತ್ತೇನೆ, ಮೊದಲಿನ ಹಾಗೆ ಗಡಿಯಾರ ನೋಡುವುದಿಲ್ಲ.

ಎರಡನೇ ಬಾಟಲಿ ಇನ್ನೂ ಅರ್ಧ ಇದೆ, ಬಚ್ಚಲಿನ ಕಿಟಕಿಯ ಮೇಲೆ. ಬೇಕಾದವರು ಡೊಂಬಿವಲಿಗೆ ಬಂದು ಒಯ್ಯಬಹುದು.