ರೆಕಾರ್ಡ್, ಫೈಲ್, ಸ್ಟ್ರೀಮಿಂಗ್: ಶಿರಸಿಯ ಮಳೆಗಾಲಕ್ಕೆ ಒಗ್ಗಿದ್ದು ಫೈಲ್
ಬರ್ಲಿನ್ನಿನ ಸಣ್ಣ ಸ್ವತಂತ್ರ ಸಂಗೀತ ಲೇಬಲ್ ಒಂದು ಕಳೆದ ಬೇಸಿಗೆಯಲ್ಲಿ ಎರಡು ಇ.ಪಿ.ಗಳನ್ನು, ಅಂದರೆ ಕೆಲವೇ ಹಾಡುಗಳ ಕಿರು ಆಲ್ಬಂಗಳನ್ನು ಹೊರತಂದಿತು, ಒಂದು ಹೌಸ್, ಇನ್ನೊಂದು ಟೆಕ್ನೋ; ಎರಡೂ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಬಗೆಗಳು. ಹೌಸ್ ಇ.ಪಿ.ಯನ್ನು ನಾನು ಹನ್ನೆರಡು ಇಂಚಿನ ರೆಕಾರ್ಡಾಗಿ ತರಿಸಿದೆ, ಟೆಕ್ನೋವನ್ನು ಫ್ಲ್ಯಾಕ್ ಎಂಬ ಬಗೆಯ ಡಿಜಿಟಲ್ ಫೈಲುಗಳಾಗಿ ಕೊಂಡೆ, ಎರಡನ್ನೂ ಫೋನಿನ ಸ್ಟ್ರೀಮಿಂಗ್ ಆ್ಯಪಿನಲ್ಲಿಯೂ ಕೇಳಿದೆ. ಒಂದು ಮಳೆಗಾಲ ಕಳೆದ ಮೇಲೆ ನನ್ನ ತೀರ್ಮಾನ ಸ್ಪಷ್ಟವಾಗಿದೆ: ಇನ್ನು ಮುಂದೆ ನಾನು ಕೊಳ್ಳುವುದು ಫೈಲುಗಳನ್ನೇ.

ರೆಕಾರ್ಡಿನ ಮೇಲೆ ನನಗಿದ್ದ ಆಸೆಗೆ ಕಾರಣವಿತ್ತು. ಶಿಕಾಗೋದ ವೇರ್‌ಹೌಸ್ ಕ್ಲಬ್ಬಿನಲ್ಲಿ 1977ರಿಂದ ಹೌಸ್‌ನ ಡಿ.ಜೆ. ಫ್ರ್ಯಾಂಕಿ ನಕಲ್ಸ್ ನುಡಿಸುತ್ತಿದ್ದದ್ದು ರೆಕಾರ್ಡುಗಳನ್ನೇ. ಡೆಟ್ರಾಯಿಟ್‌ನ ಸಂಗೀತಗಾರ ವಾನ್ ಆಟ್ಕಿನ್ಸ್ 1985ರಲ್ಲಿ ಮೆಟ್ರೋಪ್ಲೆಕ್ಸ್ ಎಂಬ ತನ್ನದೇ ಲೇಬಲ್ ಕಟ್ಟಿ ಟೆಕ್ನೋವನ್ನು ಜನರಿಗೆ ಮುಟ್ಟಿಸಿದ್ದೂ ರೆಕಾರ್ಡಿನ ಮೂಲಕವೇ. ದೊಡ್ಡ ತಟ್ಟೆಯಲ್ಲಿ ಗೆರೆಗಳು ಅಗಲವಾಗಿ ಕೂರುವುದರಿಂದ ತಾಳ ಹಿಡಿಯುವ ದೊಡ್ಡ ಕಿಕ್ ಡ್ರಮ್ಮಿನ ಮಂದ್ರ ನಾದ ತುಂಬಿಕೊಂಡು ಬರುತ್ತದೆ. ಚೆನ್ನಾಗಿರುವ ರೆಕಾರ್ಡಿನಲ್ಲಿ ಅದನ್ನು ಕೇಳುವ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ನನ್ನ ಕೈಸೇರಿದ ರೆಕಾರ್ಡು ಚೆನ್ನಾಗಿರಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಅದು ಯಾವ ಗೋದಾಮಿನಲ್ಲಿ, ಯಾವ ವ್ಯಾನಿನಲ್ಲಿ ಎಷ್ಟು ದಿನ ಕಾದಿತ್ತೋ, ಡಬ್ಬಿ ಬಿಚ್ಚಿ ಟರ್ನ್‌ಟೇಬಲ್ ಮೇಲೆ ಇಟ್ಟಾಗ ಒಂದು ಅಂಚು ಮೇಲೆದ್ದಿತ್ತು. ರೆಕಾರ್ಡಿನ ವಿನೈಲ್ ಎಂದರೆ ಪಿ.ವಿ.ಸಿ. ಪ್ಲಾಸ್ಟಿಕ್; ಕಾವು ತಗುಲಿದರೆ ಮೆದುವಾಗಿ, ಓರೆಯಾಗಿ ನಿಂತಲ್ಲೇ ಬಾಗಿಬಿಡುತ್ತದೆ. ಸೂಜಿ ಆ ಉಬ್ಬನ್ನು ಹತ್ತಿ ಇಳಿಯುವಾಗಲೆಲ್ಲ ಸ್ವರ ತುಸು ಏರಿ ತುಸು ಕುಸಿಯುತ್ತದೆ.

ಬೇರೆ ಸಂಗೀತದಲ್ಲಾದರೆ ಇದು ಅಷ್ಟಾಗಿ ಕಿವಿಗೆ ಬೀಳಲಿಕ್ಕಿಲ್ಲ. ಹೌಸ್‌ನಲ್ಲಿ ಹಾಗಲ್ಲ. ಈ ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗುವಂಥದ್ದು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಮೊದಲ ಟ್ರ್ಯಾಕಿನ ವೇಗ ನಿಮಿಷಕ್ಕೆ 120 ಬೀಟು, ಆದ್ದರಿಂದ ನಾಲ್ಕು ಬೀಟಿನ ಒಂದು ಆವರ್ತಕ್ಕೆ ಸರಿಯಾಗಿ 2 ಸೆಕೆಂಡು. ಹೀಗಾಗಿ ಉಬ್ಬು ಪ್ರತಿ ಆವರ್ತದಲ್ಲಿಯೂ 0.2 ಸೆಕೆಂಡು ಮುಂಚಿತವಾಗಿ ಬರುತ್ತ, ಒಮ್ಮೆ ಕಿಕ್ಕಿನ ಮೇಲೆ, ಒಮ್ಮೆ ಹೈ-ಹ್ಯಾಟ್ ಎಂಬ ಜೋಡಿತಾಳದ ಮೇಲೆ ಬಿದ್ದು, ಒಂಬತ್ತು ಆವರ್ತಗಳಾದ ಮೇಲೆ ಮತ್ತೆ ಹೊರಟ ಜಾಗಕ್ಕೆ ಬಂದು ನಿಲ್ಲುತ್ತದೆ. ಒಂದೇ ಕಡೆ ಬಿದ್ದಿದ್ದರೆ ಕಿವಿ ಅಭ್ಯಾಸ ಮಾಡಿಕೊಳ್ಳುತ್ತಿತ್ತೋ ಏನೋ. ಎಲೆಕ್ಟ್ರಿಕ್ ಪಿಯಾನೋದ ಸ್ವರಗಳು ಉದ್ದಕ್ಕೆ ನಿಲ್ಲುವ ನಡುಭಾಗದಲ್ಲಂತೂ ಆ ಓಲಾಟ ಸಹಿಸಲಾಗದಂತಿದೆ. ಇನ್ನೊಂದು ಹಾಡನ್ನು ಇದಕ್ಕೆ ಜೋಡಿಸಿ ಮಿಕ್ಸ್ ಮಾಡಲು ಹೊರಟರೆ ಬೀಟುಗಳು ಕೂಡಿದಂತೆ ಕಂಡು ಮತ್ತೆ ಜಾರುತ್ತವೆ.

ಎರಡು ಗಾಜಿನ ಹಲಗೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಹತ್ತು ದಿನ ಕಾದೆ. ಉಬ್ಬು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು. ಅಡಿಕೆ ಮೂಟೆಗೂ ಚರ್ಮದ ಚಪ್ಪಲಿಗೂ ಬೂಷ್ಟು ಬರುವ ನಮ್ಮೂರಿನ ಜುಲೈನಲ್ಲಿ ರೆಕಾರ್ಡಿನ ಕಾಗದದ ಒಳಚೀಲಕ್ಕೂ ಬಿಳಿ ಬೂಷ್ಟು ಕೂತಿತು, ಅದರ ಪುಡಿ ಗೆರೆಗಳಿಗೆ ಇಳಿದು ಚಿಟಿಪಿಟಿ ಸದ್ದು ಶುರುವಾಯಿತು. ಅಂಚೆ, ಸುಂಕ ಎಲ್ಲ ಸೇರಿ ಇದಕ್ಕೆ ನಾನು ಕೊಟ್ಟದ್ದು 4,700 ರೂಪಾಯಿ.

ಸ್ಟ್ರೀಮಿಂಗ್ ಅಗ್ಗ, ನಿಜ. ಆದರೆ ಅಲ್ಲಿ ಹೌಸ್ ಟ್ರ್ಯಾಕಿನ ಮೊಟಕುಗೊಳಿಸಿದ ರೂಪವಷ್ಟೇ ಇತ್ತು. ಬರೀ ಡ್ರಮ್ಮಿನ 32 ಆವರ್ತಗಳ ಪೀಠಿಕೆಯನ್ನೇ ಕತ್ತರಿಸಿದ್ದರು. ಗಾಳಿಮಳೆಗೆ ಟವರ್ ಕೈಕೊಟ್ಟ ದಿನ ಅದೂ ಇಲ್ಲ.

ಟೆಕ್ನೋ ಇ.ಪಿ.ಯ ಫೈಲುಗಳನ್ನು ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರಾಟದ ಜಾಲತಾಣದಲ್ಲಿರುವ ಲೇಬಲ್ಲಿನ ಪುಟದಿಂದ ಕೊಂಡೆ, ಬ್ಯಾಂಕಿನ ಶುಲ್ಕವೂ ಸೇರಿ 650 ರೂಪಾಯಿ. ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪಿಗೆ ಹೋಗಿ ಮೊದಲು ತೆರೆದುಕೊಳ್ಳಬೇಕು, ಅಷ್ಟೇ ತೊಡಕು. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ತನಗೆಂದು ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಶೇಕಡಾ 15. ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ ಎಂದು 2020ರಿಂದ ನಡೆಸುತ್ತಿರುವ ಆಯ್ದ ಶುಕ್ರವಾರಗಳಂದು ಆ ಪಾಲನ್ನೂ ಬಿಡುತ್ತದೆ. ವರ್ಷಕ್ಕೆ ಕೆಲವೇ ರೆಕಾರ್ಡುಗಳನ್ನು ಹೊರತರುವ ಲೇಬಲ್ಲಿಗೆ ನನ್ನ ಹಣದ ಬಹುಭಾಗ ತಲುಪುತ್ತದೆ ಎಂಬುದು ನನಗೆ ಮುಖ್ಯ.

ಫೈಲ್ ಕೊಳ್ಳುವವರು ವೇವ್ ಎಂಬ ಇನ್ನೊಂದು ಬಗೆಯ ಫೈಲಿನ ಬದಲು ಫ್ಲ್ಯಾಕ್ ಇಳಿಸಿಕೊಳ್ಳುವುದು ಒಳ್ಳೆಯದು. ವೇವ್ ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ತಿನ್ನುತ್ತದೆ, ಹಾಡಿನ ಹೆಸರು, ಕಲಾವಿದರ ಹೆಸರುಗಳು ಅದರಲ್ಲಿ ಸರಿಯಾಗಿ ಉಳಿಯುವುದಿಲ್ಲ. ಫ್ಲ್ಯಾಕ್ ನಾದವನ್ನು ಕಿಂಚಿತ್ತೂ ಕಳೆಯದೆ ಕಡಿಮೆ ಜಾಗದಲ್ಲಿ ಹೆಸರುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಹೋದ ರಾತ್ರಿ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ನಾಲ್ಕೂ ಟ್ರ್ಯಾಕುಗಳನ್ನು ಹೆಡ್‌ಫೋನಿನಲ್ಲಿ ಕೇಳಿದ್ದೇನೆ. ಹೊರಗೆ ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೂ ಮೂರನೆಯ ಟ್ರ್ಯಾಕಿನಲ್ಲಿ ಕಿಕ್ ನಿಂತು ಬರೀ ಪ್ರತಿಧ್ವನಿ ಉಳಿಯುವ ಆ ಕ್ಷಣ ಕಲೆಯಿಲ್ಲದೆ ಕೇಳಿಸಿತು.

ರೆಕಾರ್ಡನ್ನೂ ಬ್ಯಾಂಡ್‌ಕ್ಯಾಂಪಿನಲ್ಲೇ ಕೊಂಡಿದ್ದರೆ ಸಾಮಾನ್ಯವಾಗಿ ಜೊತೆಗೆ ಫೈಲೂ ಸಿಗುತ್ತದೆ. ಅಂಚೆ ವೆಚ್ಚ ಸ್ವಲ್ಪ ಕಡಿಮೆಯೆಂದು ಬೇರೊಂದು ಅಂಗಡಿಯಿಂದ ತರಿಸಿದ್ದು ನನ್ನ ತಪ್ಪು. ಹೌಸ್ ಇ.ಪಿ.ಯ ಮೂರು ಟ್ರ್ಯಾಕುಗಳನ್ನು ಈಗ ಫೈಲಾಗಿ ಮತ್ತೊಮ್ಮೆ ಕೊಂಡಿದ್ದೇನೆ. ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ರೆಕಾರ್ಡಿನಲ್ಲಿ ಮಾತ್ರ ಇದೆ. ಅದನ್ನೂ ಮಾರಾಟಕ್ಕಿಡಿ ಎಂದು ಲೇಬಲ್ಲಿಗೆ ಬರೆದಿದ್ದೇನೆ.