ಗ್ರಾಮ ಸಭೆಯ ಮೈಕಿಗೆ ಎಷ್ಟು ಅಂಕ?

ನೀರು, ಬೀದಿದೀಪ, ಇ-ಸ್ವತ್ತು ಖಾತೆ ಎಂದು ಪಂಚಾಯಿತಿಯ ಸೇವೆಗಳ ಬಗ್ಗೆ ದೂರು ಹೇಳದವರಿಲ್ಲ. ಆ ದೂರು ಹೇಳಿಕೊಳ್ಳುವ ಜಾಗವೂ ಒಂದು ಸೇವೆಯೇ, ಅದೂ ಪುಕ್ಕಟೆ. ವಾರ್ಡ್ ಸಭೆ, ಗ್ರಾಮ ಸಭೆ, ಖರ್ಚಿನ ಲೆಕ್ಕ ಜನರ ಮುಂದೆ ಬರುವ ಜಮಾಬಂದಿ ಮೂರನ್ನೂ ಅಕ್ಕಪಕ್ಕ ಇಟ್ಟು ತೂಗಿದರೆ ನಾವು ಕೊಡುವ ಅಂಕ: ವಾರ್ಡ್ ಸಭೆಗೆ ಐದಕ್ಕೆ ನಾಲ್ಕು, ಗ್ರಾಮ ಸಭೆಗೆ ಮೂರು. ಜಮಾಬಂದಿಗೆ, ತಯಾರಾಗಿ ಹೋದರೆ ನಾಲ್ಕು, ಬರಿಗೈಲಿ ಹೋದರೆ ಒಂದು.

ಗ್ರಾಮ ಸಭೆಯಲ್ಲಿ ಬಾಯಿ ತೆರೆಯಲು ಯಾರ ಅಪ್ಪಣೆಯೂ ಬೇಡ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಆ ಸಭೆಯ ಸದಸ್ಯರೇ. ‘ಎರಡು ನಿಮಿಷ ಕೊಡ್ತೀವಿ, ಬೇಗ ಹೇಳಿ’ ಎಂದು ಅಧ್ಯಕ್ಷರು ಹೇಳಿದರೆ ಅದು ಸಭೆಯ ಶಿಸ್ತಿಗೆ ಹೇಳಿದ ಮಾತು, ಉಪಕಾರವೇನಲ್ಲ. ಪಂಚಾಯಿತಿ ಕಚೇರಿಯೊಳಗೆ ನಡೆಯುವ ಸಾಮಾನ್ಯ ಸಭೆಯ ಲೆಕ್ಕ ಬೇರೆ. ಅಲ್ಲಿ ಮಾತೂ ಮತವೂ ಗೆದ್ದು ಬಂದ ಸದಸ್ಯರದ್ದು. ಅಲ್ಲಿಗೆ ನುಗ್ಗಿ ಜಗಳ ತೆಗೆಯುವವರು ಗ್ರಾಮ ಸಭೆಯ ದಿನ ಮನೆಯಲ್ಲೇ ಇರುತ್ತಾರೆ ಎಂಬುದು ಪಿಡಿಒಗಳ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ) ಹಳೇ ನಗೆಚಾಟಿಕೆ.

ವಾರ್ಡ್ ಸಭೆಗೆ ಹೆಚ್ಚು ಅಂಕ ಕೊಟ್ಟದ್ದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಸುಮಾರು 400 ಜನಕ್ಕೆ ಒಬ್ಬ ಪಂಚಾಯಿತಿ ಸದಸ್ಯ. ಹಾಗಾಗಿ ಒಂದು ವಾರ್ಡಿನವರಷ್ಟೇ ಸೇರುವ ಈ ಸಭೆ ಚಿಕ್ಕದು, ಮೈಕೂ ಬೇಡ, ಮರದ ನೆರಳು ಸಾಕು. ಆರು ತಿಂಗಳಿಗೊಮ್ಮೆಯಾದರೂ ಇದನ್ನು ನಡೆಸಬೇಕು. ಕಾಮಗಾರಿಗಳ ಬೇಡಿಕೆ, ಮನೆ ಯೋಜನೆಯ ಫಲಾನುಭವಿಗಳ ಹೆಸರು ಹುಟ್ಟುವುದು ಇಲ್ಲೇ. ಗ್ರಾಮ ಸಭೆಗೆ ಹೋಗುವುದು ವಾರ್ಡುಗಳಿಂದ ಬಂದ ಪಟ್ಟಿ. ಪಟ್ಟಿಯಲ್ಲಿಲ್ಲದ ಚರಂಡಿಯನ್ನು ಅಲ್ಲಿ ಎಷ್ಟೇ ಜೋರಾಗಿ ಎತ್ತಿದರೂ ಚಪ್ಪಾಳೆ ಸಿಗುತ್ತದೆ, ಸಾಲಿನಲ್ಲಿ ಜಾಗ ಸಿಗುವುದಿಲ್ಲ. ಒಂದು ಅಂಕ ಕಡಿದದ್ದು ಪುಸ್ತಕದಲ್ಲಷ್ಟೇ ನಡೆಯುವ ಸಭೆಗಳಿಗಾಗಿ: ಹಾಜರಿ ಪುಸ್ತಕ ಮನೆಮನೆ ಸುತ್ತಿ ಸಹಿ ಹೊತ್ತು ಬರುತ್ತದೆ, ಸಭೆ ಮಾತ್ರ ಸೇರಿರುವುದಿಲ್ಲ. ಮನೆ ಬಾಗಿಲಿಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ.

ಗ್ರಾಮ ಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಿ, ಉಂಟು: ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಎರಡರಲ್ಲಿ ಕಡಿಮೆ ಯಾವುದೋ ಅದು. ಹೆಣ್ಣುಮಕ್ಕಳು ಶೇ 30ಕ್ಕೆ ಕಡಿಮೆ ಇರಕೂಡದು. ತಮಟೆ ಸಾರಿಸಿ, ಕರಪತ್ರ ಹಂಚಿ ಜನ ಸೇರಿಸಿದರೂ ಸಭೆ ಕೆಡುವುದು ಹೊತ್ತಿನ ಲೆಕ್ಕದಲ್ಲಿ. ಸ್ವಾಗತ, ಹಾರ, ದೀಪ, ಆಮೇಲೆ ಕೃಷಿ, ಆರೋಗ್ಯ, ಅಂಗನವಾಡಿ ಎಂದು ಒಂದೊಂದೇ ಇಲಾಖೆ ತನ್ನ ಯೋಜನೆ ಓದಿ ಮುಗಿಸುವಷ್ಟರಲ್ಲಿ ಊಟದ ಹೊತ್ತು. ಊರವರ ಸರದಿ ಬರುವಾಗ ಕುರ್ಚಿಗಳು ಖಾಲಿ. ಇದಕ್ಕೆ ಮದ್ದು, ಸಭೆ ಶುರುವಾಗುತ್ತಿದ್ದಂತೆ ‘ಹಿಂದಿನ ಸಭೆಯ ಅನುಪಾಲನಾ ವರದಿ ಓದಿ’ ಎಂದು ಕೇಳುವುದು. ಕಳೆದ ಸಲ ಹೇಳಿದ್ದರಲ್ಲಿ ಏನಾಯಿತು, ಏನಾಗಲಿಲ್ಲ ಎಂದು ಓದತೊಡಗಿದರೆ ಚರ್ಚೆ ತಾನಾಗಿ ಜನರ ಕಡೆ ತಿರುಗುತ್ತದೆ. ಯಾವ ಇಲಾಖೆಯವರು ಬಂದಿಲ್ಲವೋ ಅವರ ಗೈರುಹಾಜರಿ ಬರೆಸಿ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಪ್ರಶ್ನೆಗೆ ಪಿಡಿಒ ‘ಸಂಬಂಧಪಟ್ಟವರಿಗೆ ಬರೆಯುತ್ತೇವೆ’ ಎನ್ನುತ್ತಾರೆ, ಕಥೆ ಅಲ್ಲಿಗೆ ಮುಗಿಯಿತು.

ಮಾತಿಗೂ ಅಳತೆ ಬೇಕು. ‘ನಮ್ಮ ಬೀದಿ ಚರಂಡಿ ಸರಿಯಿಲ್ಲ’ ಎಂದರೆ ಬರೆದುಕೊಳ್ಳಲು ಏನೂ ಸಿಗದು. ‘ಮಾರಮ್ಮನ ಗುಡಿಯಿಂದ ಹಾಲಿನ ಡೇರಿವರೆಗೆ 120 ಮೀಟರ್ ಚರಂಡಿ, ಮೋರಿ ಹತ್ತಿರ ಮಟ್ಟ ತಪ್ಪಿ ನೀರು ನಿಲ್ಲುತ್ತದೆ, ಮುಂದಿನ ಕ್ರಿಯಾ ಯೋಜನೆಗೆ ಸೇರಿಸಿ’ ಎಂದರೆ ಅದೇ ಠರಾವಿನ (ಸಭೆಯ ನಿರ್ಣಯದ) ವಾಕ್ಯವಾಗುತ್ತದೆ. ಒಂದು ಸಲಕ್ಕೆ ಒಂದೇ ವಿಷಯ. ಅದನ್ನೇ ಎರಡು ಪ್ರತಿ ಬರೆದು ತಂದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಬೇಕು.

ಈ ಸೇವೆಯ ಅಸಲು ಮಾಲು, ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿ ಪುಸ್ತಕ. ಆಡಿದ ಮಾತಿಗೆ ಬೆಲೆ ಬರುವುದು ಅದರಲ್ಲಿ ಇಳಿದ ಕ್ರಿಯಾಪದದಿಂದ. ‘ಚರ್ಚಿಸಲಾಯಿತು’ ಎಂದಿದ್ದರೆ ಏನೂ ಆಗಿಲ್ಲ. ‘ಪರಿಶೀಲಿಸಲಾಗುವುದು’ ಎಂದಿದ್ದರೆ ಏನೂ ಆಗುವುದಿಲ್ಲ. ‘ತೀರ್ಮಾನಿಸಲಾಯಿತು’ ಎಂದು ಇರಬೇಕು, ಪಕ್ಕದಲ್ಲಿ ಯಾರು ಮಾಡಬೇಕು, ಯಾವಾಗಿನೊಳಗೆ ಎಂಬುದೂ ಇರಬೇಕು. ಸಹಿ ಮೊದಲು, ಬರಹ ಆಮೇಲೆ ಎಂಬ ರೂಢಿ ಇರುವಲ್ಲಿ ಖಾಲಿ ಹಾಳೆಗಳಲ್ಲಿ ಯಾರ ಮಾತು ಹೇಗೆ ಇಳಿಯುತ್ತದೋ ಹೇಳಲಾಗದು. ವಂದನಾರ್ಪಣೆಗೆ ಮುಂಚೆ ಠರಾವುಗಳನ್ನು ಓದಿಸಿ. ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ, ಪುಟಕ್ಕೆ 2 ರೂಪಾಯಿ. ‘ಗ್ರಾಮ ಸಭೆಯ ಮಾಹಿತಿ ಕೊಡಿ’ ಎನ್ನದೆ, ಸಭೆಯ ದಿನಾಂಕ ಹಾಕಿ ‘ನಡಾವಳಿ ಮತ್ತು ಹಾಜರಿ ಪುಟಗಳ ದೃಢೀಕೃತ ಪ್ರತಿ’ ಎಂದೇ ಕೇಳಿ.

ಜಮಾಬಂದಿ ನಡೆಯುವುದು ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ. ಹಿಂದಿನ ಸಾಲಿನ ಖರ್ಚು ಜನರ ಮುಂದೆ ಬರುವ ದಿನ ಅದು. ಹತ್ತು ಕಾಮಗಾರಿಗಳ ಮೇಲೆ ಕೂಗಾಡುವುದಕ್ಕಿಂತ ಒಂದನ್ನು ಹಿಡಿದು, ಅದರ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಮೂರನ್ನೂ ಕೇಳಿ, ಟೇಪು ಹಿಡಿದು ಸ್ಥಳಕ್ಕೆ ನಡೆಯಿರಿ. ಪುಸ್ತಕದ ಉದ್ದ, ನೆಲದ ಉದ್ದ ಎರಡೂ ಎಲ್ಲರೆದುರು ಕಾಣುತ್ತವೆ.

ಪಟ್ಟಣದವರಿಗೆ ಈ ಭಾಗ್ಯ ಕಡಿಮೆ. 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸಂವಿಧಾನ ಹೇಳಿರುವುದು ವಾರ್ಡ್ ಸಮಿತಿ. ಅಲ್ಲಿ ಸದಸ್ಯರು ಕೆಲವೇ ಜನ, ಉಳಿದವರು ಅತಿಥಿಗಳು. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ದರ್ಬಾರು. ವಾರ್ಡ್ ಸಮಿತಿಗೆ ಎರಡು ಅಂಕ, ಅದೂ ಕರುಣೆಯಿಂದ.

ಸಭೆಯನ್ನೇ ಕರೆಯುತ್ತಿಲ್ಲವೇ? ಗ್ರಾಮ ಸಭೆಯ ಸದಸ್ಯರಲ್ಲಿ, ಅಂದರೆ ಮತದಾರರಲ್ಲಿ, ಶೇ 10ರಷ್ಟು ಜನ ವಿಷಯ ಬರೆದು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಬೇಕಾಗುತ್ತದೆ. ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳ ಅಂತರವಿರಬೇಕು. ಕಾಮಗಾರಿ ಬೇಕಿದ್ದವರು ಅಕ್ಟೋಬರ್ 2ರಿಂದ ಶುರುವಾಗುವ ಯೋಜನೆ ತಯಾರಿಕೆಯ ಸಭೆಗಳನ್ನು ತಪ್ಪಿಸಬೇಡಿ. ಫೆಬ್ರುವರಿ, ಮಾರ್ಚಿನಲ್ಲಿ ಎತ್ತಿದ ಚರಂಡಿಗೆ ಸಾಮಾನ್ಯವಾಗಿ ಆಚೆ ವರ್ಷದ ಪಟ್ಟಿಯೇ ಗತಿ.